ಎರಡು ಪೆಂಡಾಲು ಎರಡಾಗಿಯೇ ಇರಲಿ ಬಿಡಿ

ಮಾನ್ಯ ಸಂಪಾದಕರೇ,

ಕಳೆದ ಗುರುವಾರದ ಓದುಗರ ಅಂಕಣದಲ್ಲಿ ನಮ್ಮ ಬಡಾವಣೆಯವರೇ ಒಬ್ಬರು ಬರೆದಿದ್ದರು. ಒಂದೇ ಬಡಾವಣೆಗೆ ಎರಡು ಗಣಪತಿ ಪೆಂಡಾಲು ಯಾಕೆ, ಎರಡು ಕಡೆ ಸಂಗೀತ ಯಾಕೆ, ಎರಡೆರಡು ಸಲ ಚಂದಾ ಯಾಕೆ, ಎರಡೂ ಸಮಿತಿಯವರು ಒಂದಾದರೆ ದುಡ್ಡೂ ಉಳಿಯುತ್ತದೆ, ಜಗಳವೂ ತಪ್ಪುತ್ತದೆ ಅಂತ. ಅವರು ಬರೆದದ್ದರಲ್ಲಿ ಸುಳ್ಳೇನಿಲ್ಲ. ಎರಡು ಪೆಂಡಾಲಿನ ನಡುವೆ ಇರುವುದು ಮೂರೇ ಅಡ್ಡರಸ್ತೆ. ಈ ಕಡೆಯ ಪಿಟೀಲು ಮುಗಿಯುವ ಮೊದಲೇ ಆ ಕಡೆಯ ಮೃದಂಗ ಕಿವಿಗೆ ಬೀಳುತ್ತದೆ. ಹೋದ ವರ್ಷ ಒಂದು ಕಡೆ ಭೈರವಿ ನಿಧಾನಕ್ಕೆ ಏಳುತ್ತಿದ್ದಾಗ ಇನ್ನೊಂದು ಕಡೆಯಿಂದ ಕದನಕುತೂಹಲ ಬಂತು. ರಾಗದ ಹೆಸರು ಅವತ್ತು ಸಾರ್ಥಕವಾಯಿತು. ನಮ್ಮ ಮನೆ ಎರಡರ ಮಧ್ಯದಲ್ಲಿದೆ. ಜಗಲಿಯಲ್ಲಿ ಕೂತು ಎರಡನ್ನೂ ಕೇಳಿದವನು ನಾನು.

ಆದರೂ ಹೇಳುತ್ತೇನೆ. ದಯವಿಟ್ಟು ಒಂದು ಮಾಡಬೇಡಿ. ಯಾಕೆ ಅಂತ ಹೇಳಲು ಸ್ವಲ್ಪ ದೂರದ ಊರಿಗೆ ಕರೆದುಕೊಂಡು ಹೋಗಬೇಕು. ಕಾಗದ ಉದ್ದವಾದರೆ ಕತ್ತರಿಸಿಕೊಳ್ಳಿ, ಆದರೆ ಕ್ಷೌರದ ಅಂಗಡಿಯ ಭಾಗವನ್ನು ಮಾತ್ರ ಬಿಡಬೇಡಿ.

ನಾನು ಪೊಲೀಸ್ ಬ್ಯಾಂಡಿನಲ್ಲಿ 31 ವರ್ಷ ಕ್ಲಾರಿನೆಟ್ ನುಡಿಸಿ ನಿವೃತ್ತನಾದವನು. ಲಾಠಿ ಹಿಡಿದದ್ದು ಕಮ್ಮಿ, ರೀಡು ಕಚ್ಚಿದ್ದು ಜಾಸ್ತಿ. ಮಗಳು ನರ್ಸು. ಮೆಡಿಟರೇನಿಯನ್ ಸಮುದ್ರದ ಗೋಜೋ ಎಂಬ ದ್ವೀಪದಲ್ಲಿ ಕೆಲಸ. ಮಾಲ್ಟಾ ದೇಶಕ್ಕೆ ಸೇರಿದ್ದು. ನಕಾಶೆಯಲ್ಲಿ ಇಟಲಿಯ ಬೂಟಿನ ಕೆಳಗೆ, ಸಿಸಿಲಿಗೂ ದಕ್ಷಿಣಕ್ಕೆ, ಸಾಸಿವೆ ಕಾಳಿನಷ್ಟು ಕಾಣುತ್ತದೆ. ಮಾಲ್ಟಾದ ದೊಡ್ಡ ದ್ವೀಪದಿಂದ ಹಡಗಿನಲ್ಲಿ 25 ನಿಮಿಷ. ಇಡೀ ಗೋಜೋ 67 ಚದರ ಕಿಲೋಮೀಟರು. ಅಳಿಯನ ಸ್ಕೂಟರಿನಲ್ಲಿ ಬೆಳಗ್ಗೆ ಹೊರಟರೆ ತಿಂಡಿಯ ಹೊತ್ತಿಗೆ ಒಂದು ಸುತ್ತು ಮುಗಿಸಿ ಬರಬಹುದು. ನಾನು ಎರಡು ಸಲ ಹೋಗಿದ್ದೇನೆ. ಹೋದ ವರ್ಷಕ್ಕೂ ಹಿಂದಿನ ವರ್ಷ ಜುಲೈ-ಆಗಸ್ಟ್‌ನಲ್ಲಿ, ಮೊಮ್ಮಗಳು ಹುಟ್ಟಿದಾಗ. ಹೋದ ವರ್ಷ ಅಕ್ಟೋಬರಿನಲ್ಲಿ, ಮೊಮ್ಮಗಳ ನೆಪದಲ್ಲಿ.

ಮಗಳ ಮನೆ ಇರುವುದು ವಿಕ್ಟೋರಿಯಾದಲ್ಲಿ. ದ್ವೀಪದ ಮುಖ್ಯ ಊರು ಅದೇ. 1887ರಲ್ಲಿ ವಿಕ್ಟೋರಿಯಾ ರಾಣಿಯ ಪಟ್ಟದ ಸುವರ್ಣೋತ್ಸವಕ್ಕೆ ಬ್ರಿಟಿಷರು ಇಟ್ಟ ಹೆಸರು. ಊರಿನವರು ಈಗಲೂ ರಬಾತ್ ಅಂತಲೇ ಕರೆಯುತ್ತಾರೆ. ಜನ ಏಳು ಸಾವಿರದ ಆಸುಪಾಸು. ನಮ್ಮಲ್ಲಾದರೆ ಒಂದು ದೊಡ್ಡ ಹಳ್ಳಿ ಅನ್ನುತ್ತೇವೆ.

ಹೋದ ಮೂರನೇ ದಿನ ಕೂದಲು ಕತ್ತರಿಸಿಕೊಳ್ಳಲು ಹೋದೆ. ಕ್ಷೌರಿಕ ಐವತ್ತು ದಾಟಿದವನು, ಮಾತುಗಾರ. ಅಲ್ಲಿ ಬಹುಪಾಲು ಜನರಿಗೆ ಇಂಗ್ಲಿಷ್ ಬರುತ್ತದೆ, ಆದ್ದರಿಂದ ನನ್ನ ಪರೇಡ್ ಮೈದಾನದ ಇಂಗ್ಲಿಷ್ ನಡೆಯಿತು. ಏನು ಕೆಲಸ ಮಾಡುತ್ತಿದ್ದಿರಿ ಅಂದ. ಬ್ಯಾಂಡಿನಲ್ಲಿ ಕ್ಲಾರಿನೆಟ್ ಅಂದೆ. ಕತ್ತರಿ ನಿಂತಿತು. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಕೇಳಿದ: "ಯಾವ ಕಡೆ?"

ಬೈತಲೆ ಕೇಳುತ್ತಿದ್ದಾನೆ ಅಂದುಕೊಂಡೆ. ಎಡಗಡೆ ಅಂದೆ.

ಅವನು ಬಾಗಿಲಿನಿಂದ ಹೊರಗೆ, ಎಡಗಡೆಗೆ ಒಂದು ಸಲ ನೋಡಿದ. ಮತ್ತೆ ಮಾತಾಡಲಿಲ್ಲ. ಆ ದಿನ ಕೂದಲು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹೋಯಿತು.

ಮನೆಗೆ ಬಂದ ಮೇಲೆ ಮಗಳು ನಕ್ಕು ನಕ್ಕು ಬಿಡಿಸಿ ಹೇಳಿದಳು. ಆ ಊರಿನಲ್ಲಿ ಎರಡು ಬ್ಯಾಂಡು. ಒಂದರ ಹೆಸರು ಲಿಯೋನೆ, ಅಂದರೆ ಸಿಂಹ. ಇನ್ನೊಂದು ಲಾ ಸ್ಟೆಲ್ಲಾ, ಅಂದರೆ ನಕ್ಷತ್ರ. ಎರಡೂ 1863ರಲ್ಲಿ ಹುಟ್ಟಿದ್ದು ಅಂತ ಹೇಳಿಕೊಳ್ಳುತ್ತವೆ. ಯಾವುದು ಮೊದಲು ಅನ್ನುವ ಪ್ರಶ್ನೆಯನ್ನು ಅಪ್ಪಿತಪ್ಪಿಯೂ ಎತ್ತಬಾರದು. ಸಿಂಹದ ಕಡೆಯವರು ಕೋಟೆಯ ಮೇಲಿನ ಕೆಥೀಡ್ರಲ್ಲಿಗೆ ಸೇರಿದವರು, ಮೇರಿ ಮಾತೆಯ ಭಕ್ತರು. ನಕ್ಷತ್ರದವರು ಕೆಳಗಿನ ಪೇಟೆಯ ಸೇಂಟ್ ಜಾರ್ಜ್ ಬೆಸಿಲಿಕಾ ಚರ್ಚಿನವರು. ನನ್ನ ಕ್ಷೌರಿಕ ಈ ನಕ್ಷತ್ರದ ಕಡೆಯವನು, ನಾನು ಎಡಗಡೆ ಅಂದದ್ದನ್ನು ಎದುರು ಪಾರ್ಟಿ ಅಂದುಕೊಂಡಿದ್ದ. ಒಂದೇ ಧರ್ಮ, ಒಂದೇ ಭಾಷೆ, ಒಂದೇ ರಸ್ತೆ. ಆದರೆ ಎರಡು ದೇವಸ್ಥಾನ, ಎರಡು ಹಬ್ಬ, ಎರಡು ಬ್ಯಾಂಡು, ಎರಡು ಕ್ಲಬ್ಬು. ಈ ಜಿದ್ದಿಗೆ ಅವರ ಭಾಷೆಯಲ್ಲಿ ಒಂದು ಪದವೇ ಇದೆ, ಪೀಕಾ. ಅವರ ಭಾಷೆಯೂ ತಮಾಷೆಯೇ. ಅರಬ್ಬಿಯ ಬುಡ, ಇಟಲಿಯ ಕೊಂಬೆ, ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. ಮಾತಿಗೊಮ್ಮೆ "ಮೆಲಾ" ಅನ್ನುತ್ತಾರೆ. "ಹಾಗಾದ್ರೆ" ಅಂತ ಅರ್ಥ. ನನಗೆ ಮೊದಲ ವಾರವೆಲ್ಲ ಅದು "ಮೇಳ" ಅಂತಲೇ ಕೇಳಿಸಿತು. ಇವರು ಬ್ಯಾಂಡಿನ ವಿಷಯ ಬಿಟ್ಟು ಬೇರೇನೂ ಮಾತಾಡುವುದಿಲ್ಲವಾ ಅಂದುಕೊಂಡಿದ್ದೆ. ಆ ಊಹೆ ಪೂರ್ತಿ ತಪ್ಪೂ ಆಗಿರಲಿಲ್ಲ ಅನ್ನಿ.

ಇಲ್ಲಿಯವರೆಗೆ ಕೇಳಿದರೆ ಯಾವ ಊರಿನಲ್ಲೂ ಇರುವ ಜಗಳವೇ. ಆದರೆ ಈ ಜಗಳ ಏನು ಮಾಡಿದೆ ನೋಡಿ. ನಕ್ಷತ್ರದ ಕಡೆಯವರು 1968ರಲ್ಲಿ ಅಸ್ಟ್ರಾ ಅಂತ ಒಂದು ಥಿಯೇಟರ್ ಕಟ್ಟಿದರು. ಸಿಂಹದ ಕಡೆಯವರು ಬಿಡುತ್ತಾರಾ? 1976ರಲ್ಲಿ ಔರೋರಾ ಅಂತ ಇನ್ನೊಂದು ಕಟ್ಟಿದರು. ಎರಡೂ ರಿಪಬ್ಲಿಕ್ ಸ್ಟ್ರೀಟಿನಲ್ಲೇ ಇವೆ. ಒಂದರ ಮೆಟ್ಟಿಲಿನಿಂದ ಹೊರಟು ಬಟಾಣಿ ತುಂಬಿದ ಒಂದು ಪಸ್ತಿತ್ಸಿ ತಿನ್ನುತ್ತಾ ನಡೆದರೆ, ಅದು ಮುಗಿಯುವಷ್ಟರಲ್ಲಿ ಇನ್ನೊಂದರ ಬಾಗಿಲು. ನಮ್ಮ ಬೇಕರಿ ಪಫ್ಸ್‌ನ ಅಣ್ಣ ಅಂದುಕೊಳ್ಳಿ ಪಸ್ತಿತ್ಸಿಯನ್ನ. ಈ ಎರಡು ಥಿಯೇಟರಿನಲ್ಲೂ ಪ್ರತಿ ಅಕ್ಟೋಬರಿನಲ್ಲಿ ಒಂದೊಂದು ಒಪೆರಾ ಆಗುತ್ತದೆ. ಪೂರ್ತಿ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ವಾದ್ಯವೃಂದ, ಕೋರಸ್ಸು, ವೇಷಭೂಷಣ, ಸೆಟ್ಟು, ಎಲ್ಲ ಸೇರಿ. ಏಳು ಸಾವಿರ ಜನರ ಊರಿನಲ್ಲಿ, ಒಂದೇ ರಸ್ತೆಯಲ್ಲಿ, ಒಂದೇ ತಿಂಗಳಲ್ಲಿ ಎರಡು ಒಪೆರಾ.

ತರಕಾರಿ ಮಾರುವಾತ ಸಿಂಹದ ಕಡೆಯವನು. ಅವನು ಹೇಳಿದ್ದು ಕೇಳಿ. ಮಾಲ್ಟಾದ ರಾಜಧಾನಿ ವಲೆಟ್ಟಾದಲ್ಲಿ 1866ರಲ್ಲಿ ಬ್ರಿಟಿಷರು ಭಾರೀ ಒಪೆರಾ ಹೌಸ್ ಕಟ್ಟಿದ್ದರು. 1942ರ ಏಪ್ರಿಲ್‌ನಲ್ಲಿ ಯುದ್ಧದ ಬಾಂಬು ಬಿದ್ದು ಅದು ಕಲ್ಲಿನ ರಾಶಿಯಾಯಿತು. ಎಪ್ಪತ್ತು ವರ್ಷ ಹಾಗೇ ಬಿದ್ದಿತ್ತು. 2013ರಲ್ಲಿ ಆ ಕಂಬಗಳನ್ನೇ ಇಟ್ಟುಕೊಂಡು ಸೂರಿಲ್ಲದ ಬಯಲು ಥಿಯೇಟರ್ ಮಾಡಿದರು. "ರಾಜಧಾನಿಯವರಿಗೆ ಸೂರು ಹಾಕೋಕೆ ಆಗಲಿಲ್ಲ. ನಾವು ಎರಡು ಕಟ್ಟಿಕೊಂಡಿದ್ದೇವೆ," ಅಂತ ಬದನೆಕಾಯಿ ತೂಗುತ್ತಾ ಹೇಳಿದ. ವಲೆಟ್ಟಾದಲ್ಲಿ 1731ರ ಮನೋಯಲ್ ಥಿಯೇಟರ್ ಅನ್ನುವ ಹಳೆಯ, ಮುದ್ದಾದ ರಂಗಮಂದಿರ ಇದೆ, ಅಲ್ಲಿ ಈಗಲೂ ಆಟ ಆಗುತ್ತದೆ. ಅದನ್ನು ಅವನು ಹೇಳಲಿಲ್ಲ. ನಾನೂ ನೆನಪಿಸಲಿಲ್ಲ. ಬದನೆಕಾಯಿ ಒಂದು ಜಾಸ್ತಿ ಹಾಕಿದ್ದ. ಒಂದು ವಿಷಯ ಗಮನಿಸಿದೆ. ಎದುರು ಪಾರ್ಟಿಯ ಥಿಯೇಟರನ್ನೂ ಸೇರಿಸಿ "ನಾವು ಎರಡು" ಅಂದಿದ್ದ.

ಜುಲೈ ಮೂರನೇ ಭಾನುವಾರ ಸೇಂಟ್ ಜಾರ್ಜ್ ಹಬ್ಬ. ಅದಕ್ಕೆ ಒಂದು ವಾರ ಮೊದಲೇ ಬೆಳಗ್ಗೆ ಎಂಟಕ್ಕೆ ಢಂ ಅಂತ ಶುರುವಾಯಿತು. ಹತ್ತಿರದಲ್ಲಿ ಕಲ್ಲುಕ್ವಾರಿ ಇರಬೇಕು ಅಂತ ಅಳಿಯನನ್ನು ಕೇಳಿದೆ. ಪಟಾಕಿಯಂತೆ. ಬಣ್ಣ ಇಲ್ಲ, ಬೆಳಕಿಲ್ಲ, ಹಗಲು ಹೊತ್ತಿನಲ್ಲಿ ಬರೀ ಸದ್ದಿಗೆ ಹೊಡೆಯುವ ಪಟಾಕಿ. ಮೊಮ್ಮಗಳು ಹತ್ತು ದಿನದ ಕೂಸು. ಮೊದಲ ದಿನ ಅತ್ತಿತು, ಮೂರನೇ ದಿನದಿಂದ ನಿದ್ದೆಯಲ್ಲೇ ಉಳಿಯಿತು. ಅಲ್ಲಿಯವಳೇ ಆಗಿಬಿಟ್ಟಳು.

ಮೆರವಣಿಗೆಯ ದಿನ ನಾನು ಬೆಳಗ್ಗೆಯೇ ರಸ್ತೆ ಬದಿಗೆ ಹೋಗಿ ನಿಂತೆ. ಬ್ಯಾಂಡು ಬಂತು. ನಮ್ಮ ಹಾಗೆ ಹೆಜ್ಜೆ ಹಾಕಿ, ಸಾಲು ಸರಿಮಾಡಿ ಬರುವುದಲ್ಲ. ಜನರ ಮಧ್ಯೆ ಬ್ಯಾಂಡು, ಬ್ಯಾಂಡಿನ ಮಧ್ಯೆ ಜನ. ಹುಡುಗರು ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಕುಣಿಯುತ್ತಾರೆ. ಮಾಳಿಗೆಯಿಂದ ಬಣ್ಣದ ಕಾಗದದ ಚೂರು ಮಳೆಯ ಹಾಗೆ ಬೀಳುತ್ತದೆ. ಆ ಚೂರು ಯೂಫೋನಿಯಂ ಅನ್ನುವ ದೊಡ್ಡ ಹಿತ್ತಾಳೆ ವಾದ್ಯದ ಬಾಯಿಗೆ ತುಂಬಿಕೊಂಡರೆ ನುಡಿಸುವವನು ತಲೆಕೆಳಗು ಮಾಡಿ ಕೊಡವಿ, ಎಲ್ಲಿ ಬಿಟ್ಟಿದ್ದನೋ ಅಲ್ಲಿಂದ ಹಿಡಿಯುತ್ತಾನೆ. ಮಾರ್ಚ್ ಟ್ಯೂನಿನ ಮಧ್ಯದಲ್ಲಿ ಜನ ಪದ ಕಟ್ಟಿ ಹಾಡುತ್ತಾರೆ. ಅದರಲ್ಲಿ ಎದುರು ಪಾರ್ಟಿಯವರ ಮಾನ ಹರಾಜು. ಅರ್ಥ ಕೇಳಿದೆ, ಮಗಳ ಜೊತೆ ಕೆಲಸ ಮಾಡುವ ಹುಡುಗಿ ಕೆಂಪಾದಳು, ಹೇಳಲಿಲ್ಲ.

ಬ್ಯಾಂಡಿನವನಾಗಿ ನನ್ನ ತೀರ್ಪು ಕೊಡಲೇಬೇಕು. ಶ್ರುತಿಯಲ್ಲಿ ನಾವು ಮೇಲು. ಅವರ ಸಣ್ಣ ಕ್ಲಾರಿನೆಟ್ಟುಗಳು ಬಿಸಿಲೇರಿದಂತೆ ಶ್ರುತಿಯೂ ಏರಿ, ಮಧ್ಯಾಹ್ನದ ಹೊತ್ತಿಗೆ ಬೇರೆ ಊರಿಗೇ ಹೋಗಿದ್ದವು. ಆದರೆ ಸಾಲಿನಲ್ಲಿ ಯಾರಿದ್ದರು ಅಂತ ನೋಡಿದರೆ ನನ್ನ ಬಾಯಿ ಮುಚ್ಚಿತು. ಹನ್ನೆರಡು ವರ್ಷದ ಹುಡುಗಿ, ಪಕ್ಕದಲ್ಲಿ ಎಪ್ಪತ್ತರ ಅಜ್ಜ, ಇಬ್ಬರದೂ ಒಂದೇ ಪುಟ. ಯಾರಿಗೂ ಸಂಬಳಕ್ಕಾಗಿ ಕಲಿಯುವ ಗರಜಿಲ್ಲ. ಕ್ಲಬ್ಬಿನಲ್ಲೇ ಪಾಠ. ನಾನು 31 ವರ್ಷ ಸಂಬಳ ತಗೊಂಡು ನುಡಿಸಿದವನು. ಈಗ ಮನೆಯಲ್ಲಿ ಪೆಟ್ಟಿಗೆ ತೆಗೆಯುವುದು ದಸರಾ ಆಯುಧಪೂಜೆಗೆ ಕುಂಕುಮ ಇಡಲು ಮಾತ್ರ.

ಕ್ಲಬ್ಬಿಗೆ ಅವರು ಕಝೀನ್ ಅನ್ನುತ್ತಾರೆ. ರಸ್ತೆಗೆ ತಾಗಿ ಬಾರು, ಒಳಗೆ ಇಸ್ಪೀಟು, ಗೋಡೆ ತುಂಬ ಸತ್ತ ಮಾಸ್ತರರ ಫೋಟೊ, ಹಿಂದೆ ಅಭ್ಯಾಸದ ಕೋಣೆ, ಅದರ ಹಿಂದೆ ಥಿಯೇಟರ್. ಮಾಲ್ಟಾ ದೇಶದ ಬಹುಪಾಲು ಹಳ್ಳಿಯಲ್ಲಿ ಇಂಥದ್ದೊಂದು ಇದೆ, ಎಷ್ಟೋ ಕಡೆ ಎರಡು. ಈ ಊರಹಬ್ಬದ ಪದ್ಧತಿಯನ್ನು 2023ರಲ್ಲಿ ಯುನೆಸ್ಕೊದವರು ತಮ್ಮ ಪಟ್ಟಿಗೆ ಸೇರಿಸಿದರು. ಅಲ್ಲಿಯ ಜನ ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡ ಹಾಗೆ ಕಾಣಲಿಲ್ಲ. ಯುನೆಸ್ಕೊ ಯಾವ ಕಡೆ ಅಂತ ಇನ್ನೂ ಗೊತ್ತಾಗಿಲ್ಲವೋ ಏನೋ.

ಆಗಸ್ಟ್ 15ಕ್ಕೆ ಸಿಂಹದವರ ಸರದಿ, ಮೇರಿ ಮಾತೆಯ ಹಬ್ಬ. ನಮ್ಮ ಸ್ವಾತಂತ್ರ್ಯ ದಿನವೂ ಅದೇ ಅಲ್ವಾ, ಬೆಳಗ್ಗೆ ಒಬ್ಬನೇ ಮಾಳಿಗೆಗೆ ಹೋಗಿ ಮನಸ್ಸಿನಲ್ಲೇ ಸೆಲ್ಯೂಟ್ ಹೊಡೆದು ಬಂದೆ. ಆಮೇಲೆ ಕೆಥೀಡ್ರಲ್ ನೋಡಲು ಕೋಟೆಗೆ ಹತ್ತಿದೆವು. ಒಳಗೆ ತಲೆ ಎತ್ತಿದರೆ ಎಂಥ ಗುಮ್ಮಟ! ಹೊರಗೆ ಬಂದು ನೋಡಿದರೆ ಗುಮ್ಮಟವೇ ಇಲ್ಲ, ಚಪ್ಪಟೆ ಸೂರು. ಕಟ್ಟಲು ದುಡ್ಡು ಸಾಲದೆ, 1739ರಲ್ಲಿ ಸಿಸಿಲಿಯ ಮೆಸ್ಸಿನಾ ಊರಿನ ಒಬ್ಬ ಚಿತ್ರಕಾರನ ಕೈಯಲ್ಲಿ ಗುಮ್ಮಟದ ಚಿತ್ರ ಬರೆಸಿದರಂತೆ. ಕೆಳಗಿನ ಬೆಸಿಲಿಕಾಕ್ಕೆ ನಿಜವಾದ ಗುಮ್ಮಟ ಇದೆ. ಈ ಒಂದು ವಿಷಯದ ಮೇಲೆ ಕ್ಷೌರಿಕ ಅರ್ಧ ಗಂಟೆ ಮಾತಾಡಬಲ್ಲ. ಆ ಹಬ್ಬದ ದಿನ ಅವನು ಅಂಗಡಿಗೆ ಬೀಗ ಹಾಕಿ, ಸದ್ದು ತಡೆಯಲಾಗುವುದಿಲ್ಲ ಅಂತ ಹೆಂಡತಿ ಮಕ್ಕಳನ್ನು ಕರೆದುಕೊಂಡು ಶ್ಲೆಂದಿ ಸಮುದ್ರ ತೀರಕ್ಕೆ ಹೋದ. ಸುಮಾರು ನಾಲ್ಕು ವಾರದ ಹಿಂದೆ ಅವನ ಹಬ್ಬದ ಸದ್ದಿಗೆ ನಮ್ಮ ಅಡುಗೆಮನೆಯ ಲೋಟ ಅಲ್ಲಾಡಿದ್ದನ್ನು ನಾನು ನೆನಪಿಸಲಿಲ್ಲ. ಅಷ್ಟರಲ್ಲಿ ಅವನ ಜೊತೆ ರಾಜಿಯಾಗಿತ್ತು. ನಾನು ಯಾವ ಕಡೆಯೂ ಅಲ್ಲ, ಮೈಸೂರಿನವನು ಅಂತ ಬಿಡಿಸಿ ಹೇಳಿದ್ದೆ. ನಿಮ್ಮೂರಿನಲ್ಲಿ ಬ್ಯಾಂಡು ಹೇಗೆ ಬಂತು ಅಂದ. ಅರಮನೆಯ ಬ್ಯಾಂಡಿನ ಕಥೆ, ಅದನ್ನು ತಿದ್ದಿದ ಜರ್ಮನ್ ಮಾಸ್ತರ ಆಟೋ ಶ್ಮಿಟ್ ಕಥೆ ಹೇಳಿದೆ. ನಮ್ಮ ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾಗಿದ್ದರು, ಮೆಟ್ನರ್ ಅನ್ನುವ ರಷ್ಯನ್ ಸಂಗೀತಗಾರ ಮುದಿವಯಸ್ಸಿನಲ್ಲಿ ಕಷ್ಟದಲ್ಲಿದ್ದಾಗ ದುಡ್ಡು ಕೊಟ್ಟು ಅವನ ಸಂಗೀತವನ್ನು ರೆಕಾರ್ಡ್ ಮಾಡಿಸಿದರು ಅಂದೆ. ಎಲ್ಲ ಕೇಳಿ, ತಲೆದೂಗಿ, ಕೊನೆಗೆ ಒಂದೇ ಪ್ರಶ್ನೆ. "ಆ ಮಹಾರಾಜ ಯಾವ ಕಡೆ?"

ಇದೆಲ್ಲ ಬರೀ ನಗುವಿನ ವಿಷಯ ಅಂತ ನಾನು ಹೇಳುವುದಿಲ್ಲ. ಜಿದ್ದಿಗೆ ಬೆಲೆ ತೆತ್ತಿದ್ದಾರೆ. 2010ರಲ್ಲಿ ಗೋಜೋದ ಆರ್ಬ್ ಹಳ್ಳಿಯಲ್ಲಿ ಪಟಾಕಿ ತಯಾರಿಸುವ ಜಾಗ ಸ್ಫೋಟವಾಗಿ ಆರು ಜನ ಸತ್ತರು. ಪಟಾಕಿಯ ಪೀಕಾ ನಮಗೆ ಬೇಡವೇ ಬೇಡ. ನಮ್ಮ ಎರಡೂ ಸಮಿತಿಯವರು ಡಿಜೆಗೆ ಕೈ ಹಾಕದೆ ಇನ್ನೂ ಪಿಟೀಲು, ಮೃದಂಗದಲ್ಲೇ ಜಗಳ ಆಡುತ್ತಿದ್ದಾರಲ್ಲ, ಅದಕ್ಕೆ ಅವರ ಕಾಲಿಗೆ ಬೀಳಬೇಕು.

ಒಂದು ಸಂಜೆ ಹಳ್ಳಿಯ ಬಾರೊಂದಕ್ಕೆ ಕರೆದುಕೊಂಡು ಹೋದರು. ನಾನು ಕುಡಿದದ್ದು ಕಿತ್ತಳೆ ಸೋಡಾ. ಅಲ್ಲಿ ಆನಾ ಅಂತ ಅವರ ಹಳ್ಳಿಹಾಡು. ಮೂರು ಗಿಟಾರು, ಇಬ್ಬರು ಹಾಡುಗಾರರು, ಎದುರುಬದುರು. ಒಬ್ಬ ನಾಲ್ಕು ಸಾಲು ಆಶುವಾಗಿ ಕಟ್ಟಿ ಹಾಡುತ್ತಾನೆ. ಇನ್ನೊಬ್ಬ ಅಲ್ಲೇ ಪ್ರಾಸ ಹಿಡಿದು ಉತ್ತರ ಕೊಡಬೇಕು. ಒಳಗೆ ಚುಚ್ಚು, ಮೇಲೆ ಮರ್ಯಾದೆ. ಬಂದೋಬಸ್ತಿಗೆ ಬ್ಯಾಂಡು ಕಟ್ಟಿಕೊಂಡು ಒಮ್ಮೆ ವಿಜಯಪುರದ ಕಡೆ ಹೋದಾಗ ಹರದೇಶಿ-ನಾಗೇಶಿ ಕೇಳಿದ್ದೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ರಾತ್ರಿಯಿಡೀ ಎರಡು ಮೇಳ ಹಾಡಿನಲ್ಲೇ ಕಿತ್ತಾಡಿ, ಬೆಳಗ್ಗೆ ಒಂದೇ ಪಂಕ್ತಿಯಲ್ಲಿ ರೊಟ್ಟಿ ತಿಂದಿದ್ದರು. ಆ ಇಬ್ಬರನ್ನೂ ಎದುರೆದುರು ನಿಲ್ಲಿಸುವ ಬದಲು "ಒಂದಾಗಿ ಹಾಡಿ, ಖರ್ಚು ಉಳಿಯುತ್ತೆ" ಅಂದಿದ್ದರೆ ಅಲ್ಲಿ ಹಾಡೆಲ್ಲಿರುತ್ತಿತ್ತು?

ಈಗ ಅಕ್ಟೋಬರಿನ ಕಥೆ. ಇದಕ್ಕೇ ನಾನು ಎರಡನೇ ಸಲ ಹೋಗಿದ್ದು. ಮೊಮ್ಮಗಳು ಕ್ಷಮಿಸಲಿ.

ಊರಿಗೆ ಊರೇ ಎರಡು ಗ್ರೀನ್‌ರೂಮ್ ಆಗಿತ್ತು. ಮೆಡಿಕಲ್ ಶಾಪಿನ ಹುಡುಗಿ ಮಾತ್ರೆ ಕೊಡುತ್ತಾ ಗಂಟಲೊಳಗೇ ಕೋರಸ್ಸಿನ ಸಾಲು ಗುನುಗುತ್ತಿದ್ದಳು. ಬಸ್ ಡ್ರೈವರ್ ಒಂದು ತಿಂಗಳಿಂದ ಗಡ್ಡ ಬಿಟ್ಟಿದ್ದ, ಪಾದ್ರಿಯ ಹಿಂದೆ ನಿಲ್ಲುವ ಪಾತ್ರವಂತೆ. ಮಗಳ ಮನೆಯ ಮಾಲೀಕ ಸಿಂಹದ ಕಡೆ, ಅವನ ಹೆಂಡತಿ ನಕ್ಷತ್ರದ ಮನೆತನದವಳು. ಆ ತಿಂಗಳು ಆಕೆ ತವರಿನ ಕಡೆಯವರ ವೇಷಕ್ಕೆ ಅಂಚು ಹೊಲಿಯುತ್ತಿದ್ದಳು, ಅವನು ತನ್ನ ಕಡೆಯವರ ಸೆಟ್ಟಿಗೆ ಬಣ್ಣ ಬಳಿಯುತ್ತಿದ್ದ. ಊಟದ ಮೇಜಿನಲ್ಲಿ ಇಬ್ಬರೂ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಿದ್ದರು. ಮುಖ್ಯ ಗಾಯಕರು ಹೊರದೇಶದಿಂದ ಬರುತ್ತಾರೆ, ವಾದ್ಯವೃಂದ ದೊಡ್ಡ ದ್ವೀಪದಿಂದ. ಉಳಿದದ್ದೆಲ್ಲ ಊರಿನವರದೇ. ವರ್ಷವಿಡೀ ದುಡಿದು ಆಡುವುದು ಒಂದೋ ಎರಡೋ ರಾತ್ರಿ. 2003ರಲ್ಲಿ ಅಸ್ಟ್ರಾಗೆ ಬೆಂಕಿ ಬಿದ್ದು ಒಳಗೆಲ್ಲ ಸುಟ್ಟುಹೋಗಿತ್ತು. ಮತ್ತೆ ಕಟ್ಟಿಕೊಂಡರು. ನಮ್ಮ ಹಳೆಯ ಮರದ ಅರಮನೆಯೂ 1897ರಲ್ಲಿ ಸುಟ್ಟು ಮತ್ತೆ ಎದ್ದದ್ದೇ, ಆದರೆ ನಮಗೆ ಮಹಾರಾಜರಿದ್ದರು. ಇಲ್ಲಿ ಇದ್ದವರು ಕ್ಷೌರಿಕರು, ಬೇಕರಿಯವರು, ಮೇಷ್ಟ್ರುಗಳು.

ನಾನು ಔರೋರಾದಲ್ಲಿ, ಅಂದರೆ ಸಿಂಹದವರಲ್ಲಿ, ನೋಡಿದ್ದು ಇಟಲಿಯ ಸಂಗೀತಗಾರ ಪುಚ್ಚೀನಿಯ ಟೋಸ್ಕಾ ಅನ್ನುವ ಒಪೆರಾ. 1900ರಲ್ಲಿ ರೋಮ್‌ನಲ್ಲಿ ಮೊದಲು ಆಡಿದ್ದು, ಕಥೆಯೂ ರೋಮ್‌ನದೇ. ಇದರ ಟ್ಯೂನುಗಳನ್ನು ನಾನು ಸರ್ವೀಸಿನಲ್ಲಿ ಎಷ್ಟು ಸಲ ನುಡಿಸಿದ್ದೇನೋ ಲೆಕ್ಕವಿಲ್ಲ. ದೊಡ್ಡ ಸಾಹೇಬರ ಚಹಾಕೂಟ ಅಂದರೆ ಒಪೆರಾ ಸೆಲೆಕ್ಷನ್ ತೆಗೆಯುತ್ತಿದ್ದೆವು. ಹುಲ್ಲಿನ ಮೇಲೆ ಛತ್ರಿ, ಛತ್ರಿಯ ಕೆಳಗೆ ಸಾಹೇಬರು, ತಟ್ಟೆಯಲ್ಲಿ ಸಮೋಸ, ಪಕ್ಕದಲ್ಲಿ ನಾವು. ಯಾವ ಸ್ವರ ಯಾರು ಸಾಯುವಾಗ ಬರುತ್ತದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಮೂರನೇ ಅಂಕ. ಕೋಟೆಯ ಮಾಳಿಗೆ, ಇನ್ನೇನು ಬೆಳಗಾಗಬೇಕು. ಚಿತ್ರಕಾರ ಕವರದೋಸ್ಸಿಗೆ ಒಂದು ಗಂಟೆಯಲ್ಲಿ ಗುಂಡು. ಪ್ರೇಯಸಿಗೆ ಕಾಗದ ಬರೆಯಲು ಕೂರುತ್ತಾನೆ, ಬರೆಯಲಾಗುವುದಿಲ್ಲ. ಆಗ ಎಲ್ಲ ವಾದ್ಯ ತಗ್ಗಿ ಕ್ಲಾರಿನೆಟ್ ಒಂದೇ ಏಳುತ್ತದೆ. ನನ್ನ ಬೆರಳು ಮಡಿಲಲ್ಲಿ ತಾವೇ ಆಡತೊಡಗಿದವು. ಅದೇ ಟ್ಯೂನು. ಸಮೋಸದ ಟ್ಯೂನು. 31 ವರ್ಷ ನಾನು ಅದನ್ನು ಸ್ವಲ್ಪ ಚುರುಕಾಗಿಯೇ ನುಡಿಸುತ್ತಿದ್ದೆ, ಚಹಾ ಆರಬಾರದು ಅಂತ. ಸಾಯಲು ಹೊರಟವನ ಉಸಿರು ಅದು ಅಂತ ಗೊತ್ತಿದ್ದರೆ ಅಷ್ಟು ಅವಸರ ಮಾಡುತ್ತಿದ್ದೆನಾ?

ಆಮೇಲೆ ಗಾಯಕ ಶುರುಮಾಡಿದ. ಆ ಹಾಡಿನ ಮೊದಲ ಸಾಲೇ "ನಕ್ಷತ್ರಗಳು ಹೊಳೆಯುತ್ತಿದ್ದವು" ಅಂತ. ಇಟಾಲಿಯನ್‌ನಲ್ಲಿ ನಕ್ಷತ್ರಕ್ಕೆ ಸ್ಟೆಲ್ಲೆ. ಸಿಂಹದವರ ಸ್ವಂತ ಥಿಯೇಟರಿನಲ್ಲಿ, ಅವರೇ ದುಡ್ಡು ಕೊಟ್ಟು ಕರೆಸಿದ ಗಾಯಕ, ಎದುರು ಪಾರ್ಟಿಯ ಹೆಸರನ್ನು ಎದೆ ತುಂಬಿ ಹಾಡುತ್ತಿದ್ದಾನೆ! ನನ್ನ ಪಕ್ಕದಲ್ಲಿದ್ದ ತರಕಾರಿಯವನು ಒಂದು ಕ್ಷಣ ಕುರ್ಚಿಯಲ್ಲಿ ಮಿಸುಕಾಡಿದ. ಹಿಂದಿನಿಂದ ಯಾರೋ ಮೂಗಿನಲ್ಲಿ ನಕ್ಕರು. ಗುರುತಿನ ನಗು. ತಿರುಗಿ ನೋಡಿದೆ. ಕೊನೆಯ ಸಾಲು, ಕಂಬದ ಮರೆ, ಹಣೆಯವರೆಗೆ ಎಳೆದ ಟೋಪಿ. ನಮ್ಮ ಕ್ಷೌರಿಕ! ಹಾಡು ಮುಗಿಯುವ ಹೊತ್ತಿಗೆ ಮತ್ತೊಮ್ಮೆ ತಿರುಗಿದೆ. ಟೋಪಿ ಕೈಯಲ್ಲಿತ್ತು, ಅದರಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದ.

ಮರುದಿನ ಅಂಗಡಿಗೆ ಹೋದೆ. ಶೇವಿಂಗ್ ಬೇಕಿರಲಿಲ್ಲ, ಸುಮ್ನೆ ಹೋದೆ. ಹೇಗಿತ್ತು ಅಂದೆ. "ಎಷ್ಟು ಕೆಟ್ಟದಾಗಿ ಮಾಡ್ತಾರೆ ನೋಡೋಣ ಅಂತ ಹೋಗಿದ್ದೆ," ಅಂದ. ಆಮೇಲೆ ನೊರೆ ಹಚ್ಚುತ್ತಾ ತನ್ನಷ್ಟಕ್ಕೇ ಹೇಳಿಕೊಂಡ: "ನಮ್ಮ ಕೋರಸ್ಸಿನ ಹುಡುಗರು ಈ ವಾರ ರಾತ್ರಿ ಇನ್ನೊಂದು ಗಂಟೆ ಜಾಸ್ತಿ ಕೂರಬೇಕು." ಕೂತರು. ನಮ್ಮ ಮನೆಯ ಕಿಟಕಿಗೆ ಕೇಳಿಸುತ್ತಿತ್ತು. ಅಸ್ಟ್ರಾದಲ್ಲಿ ಅವರ ಸರದಿ ಬಂದಾಗ ಕೋರಸ್ಸು ನಿಜಕ್ಕೂ ಚೆನ್ನಾಗಿತ್ತು, ಸಿಂಹದವರದ್ದಕ್ಕಿಂತ ಒಂದು ಕೂದಲು ಮೇಲು. ಇದನ್ನು ಮಾಲ್ಟಾದಲ್ಲಿ ಯಾರೂ ನಿಮ್ಮ ಪತ್ರಿಕೆ ಓದುವುದಿಲ್ಲ ಅನ್ನುವ ಧೈರ್ಯದ ಮೇಲೆ ಬರೆದಿದ್ದೇನೆ.

ಅಂದ ಹಾಗೆ, ಒಂದು ಮಾಡುವ ಪ್ರಯೋಗ ನಮ್ಮಲ್ಲಿ ಆಗಿಲ್ಲ ಅಂತಲ್ಲ. ನಾನು ಸರ್ವೀಸಿಗೆ ಸೇರಿದ ಹೊಸದರಲ್ಲಿ ನಾವಿದ್ದ ಬೀದಿಯಲ್ಲಿ ಎರಡು ಭಜನಾ ಮಂಡಳಿ ಇದ್ದವು. ಶನಿವಾರ ಒಂದು, ಏಕಾದಶಿಗೆ ಒಂದು. ಇವರು ಹೊಸ ದೇವರನಾಮ ಕಲಿತರೆ ಅವರು ಎರಡು ಕಲಿಯುತ್ತಿದ್ದರು. ಇವರು ಹಾರ್ಮೋನಿಯಂ ತಂದರೆ ಅವರು ತಬಲಾ ಮೇಷ್ಟ್ರನ್ನೇ ತಂದರು. ಹಿರಿಯರು ಸೇರಿ ಒಂದು ಮಾಡಿದರು. ಆ ಸಭೆಯಲ್ಲಿ ಜೋರಾಗಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಹೊಸ ಬೋರ್ಡು ಬಂತು, ರಸೀದಿ ಪುಸ್ತಕ ಬಂತು, ಅಧ್ಯಕ್ಷರು, ಇಬ್ಬರು ಉಪಾಧ್ಯಕ್ಷರು ಬಂದರು. ಜಗಳ ನಿಲ್ಲಲಿಲ್ಲ. ಮೊದಲು ಯಾರು ಚೆನ್ನಾಗಿ ಹಾಡುತ್ತಾರೆ ಅಂತ ಜಗಳ ಇತ್ತು, ಆಮೇಲೆ ಲೆಕ್ಕಪತ್ರ ಯಾರ ಮನೆಯಲ್ಲಿರಬೇಕು ಅಂತ. ಮೂರು ವರ್ಷಕ್ಕೆ ಭಜನೆ ನಿಂತಿತು. ಆ ಹಾರ್ಮೋನಿಯಂ ಈಗಲೂ ಯಾರದೋ ಅಟ್ಟದ ಮೇಲಿದೆ. ಗೋಣಿಚೀಲ ಸುತ್ತಿದ್ದಾರೆ.

ಪತ್ರ ಬರೆದ ಮಹನೀಯರ ಎರಡು ತೊಂದರೆಗೆ ನನ್ನ ಬಳಿ ಸಣ್ಣ ಉಪಾಯ ಇದೆ. ಒಂದು ಪೆಂಡಾಲಿನವರು ಸಂಜೆ ಐದೂವರೆಗೆ ಶುರುಮಾಡಿ ಏಳೂವರೆಗೆ ಮಂಗಳ ಹಾಡಲಿ. ಇನ್ನೊಬ್ಬರು ಏಳೂ ಮುಕ್ಕಾಲಿಗೆ ಎತ್ತಿಕೊಂಡು ಪೊಲೀಸರು ಹೇಳಿದ ಹೊತ್ತಿಗೆ ಮುಗಿಸಲಿ. ಮರುವರ್ಷ ಸರದಿ ಅದಲುಬದಲು. ಹದಿನೈದು ನಿಮಿಷ ಸಾಕು ಮೂರು ಅಡ್ಡರಸ್ತೆ ನಡೆಯಲು, ನನ್ನ ಮಂಡಿಗೂ ಸಾಕು. ಚಂದಾ ವಿಷಯಕ್ಕೆ ಬಂದರೆ, ಎರಡು ಕಡೆಗೂ ಕೊಡಲು ಇಷ್ಟವಿಲ್ಲದವರು ಒಂದೇ ಕಡೆಗೆ ಕೊಡಿ, ಆದರೆ ಎರಡೂ ಕಡೆ ಹೋಗಿ ಕೇಳಿ. ಬೇಕಾದರೆ ಟೋಪಿ ಹಾಕಿಕೊಂಡು ಹೋಗಿ.

ಈ ಮಾತನ್ನು ಹೇಳಲು ಮೊನ್ನೆ ಎರಡೂ ಸಮಿತಿಯ ಕಾರ್ಯದರ್ಶಿಗಳನ್ನು ನೋಡಲು ಹೋಗಿದ್ದೆ. ಈ ವರ್ಷ ನಾನೂ ಒಂದು ಅರ್ಧ ಗಂಟೆ ಕ್ಲಾರಿನೆಟ್ ನುಡಿಸುತ್ತೇನೆ, ದುಡ್ಡು ಬೇಡ, ಮೈಕು ಕೊಡಿ ಅಂದೆ. ಮೊದಲನೆಯವರು ಖುಷಿಯಾಗಿ ಕಾಫಿ ತರಿಸಿದರು. ಲೋಟ ಕೈಗೆ ಕೊಡುವಾಗ ತಡೆದು ಕೇಳಿದರು: "ಅಲ್ಲಾ ಸಾರ್, ನೀವು ಯಾವ ಕಡೆ?"

ಬೈತಲೆ ತೆಗೆಯಲು ಈಗ ತಲೆಯಲ್ಲಿ ಕೂದಲೂ ಇಲ್ಲ. ಎರಡೂ ಕಡೆ ಅಂದೆ. ಕಾಫಿ ಬಂತು, ಸಕ್ಕರೆ ಕಮ್ಮಿ ಇತ್ತು.

ನಿನ್ನೆ ರಾತ್ರಿ ಗೋಜೋದಿಂದ ಕ್ಷೌರಿಕನ ವಾಟ್ಸಾಪ್ ಬಂದಿದೆ. ಮೇರಿ ಮಾತೆಯ ಹಬ್ಬ ಈ ವರ್ಷ ತೀರಾ ಸಪ್ಪೆಯಾಗಿತ್ತಂತೆ, ದೀಪ ಎಷ್ಟು ಹಾಕಿದ್ದರು ಅಂತಲೂ ಬರೆದಿದ್ದಾನೆ. ಅಕ್ಟೋಬರಿನಲ್ಲಿ ಸಿಂಹದವರ ಒಪೆರಾ ಇನ್ನೂ ಕೆಟ್ಟದಾಗಿರುತ್ತದಂತೆ. ಟಿಕೆಟ್ ತಗೊಂಡಾಗಿದೆ, ಕೊನೆಯ ಸಾಲು, ಕಂಬದ ಪಕ್ಕ. ಬರುವುದಾದರೆ ಪಕ್ಕದ ಸೀಟು ಹಿಡಿದಿಡಲಾ ಅಂತ ಕೇಳಿದ್ದಾನೆ.

ಇಂತಿ,
ನಿವೃತ್ತ ಕ್ಲಾರಿನೆಟ್ ವಾದಕ,
ಎರಡು ಪೆಂಡಾಲಿನ ಮಧ್ಯದ ಮನೆ, ಮೈಸೂರು